ಕಲ್ಯಾಣ: ನಕ್ಷೆಯಲ್ಲಿಲ್ಲದ ನಾಡು, ಗಣತಿಯಲ್ಲಿಲ್ಲದ ಧರ್ಮ

ಹುಬ್ಬಳ್ಳಿ: ನಗರದ ನೆಹರೂ ಮೈದಾನವು ಎಂಟು ವರ್ಷಗಳ ಅಂತರದಲ್ಲಿ ಎರಡು ದೊಡ್ಡ ಸಮಾವೇಶಗಳನ್ನು ಕಂಡಿತು. 2017ರ ನವೆಂಬರ್ 5ರಂದು ಇಲ್ಲಿ ಸೇರಿದವರು ಲಿಂಗಾಯತವು ಸ್ವತಂತ್ರ ಧರ್ಮ, ಅದಕ್ಕೆ ಸರಕಾರದ ಮಾನ್ಯತೆ ಬೇಕು ಎಂದರು. 2025ರ ಸೆಪ್ಟೆಂಬರ್ 19ರಂದು ಸೇರಿದವರು ವೀರಶೈವ ಮತ್ತು ಲಿಂಗಾಯತ ಎರಡಲ್ಲ, ಒಂದೇ ಎಂದರು. ಮೊದಲ ಸಭೆಯ ಹಿಂದೆ ವಿಧಾನಸಭಾ ಚುನಾವಣೆಯ ನೆರಳಿತ್ತು. ಎರಡನೆಯ ಸಭೆಯ ಹಿಂದೆ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯ ನೆರಳಿತ್ತು. ಎರಡೂ ಸಭೆಗಳಲ್ಲಿ ಕೇಳಿಬಂದ ಹೆಸರು ಬಸವಣ್ಣನವರದು. ಎರಡೂ ಕಡೆಯವರು ನೆನೆದ ಊರು ಕಲ್ಯಾಣ.

ಈ ಕಲ್ಯಾಣ ಯಾವುದು? ಬೀದರ್ ಜಿಲ್ಲೆಯ ಬಸವಕಲ್ಯಾಣ ಇಂದಿಗೂ ಇದೆ. ಅದೊಂದು ತಾಲ್ಲೂಕು ಕೇಂದ್ರ. ಆದರೆ ಕನ್ನಡಿಗರ ಮನಸ್ಸಿನಲ್ಲಿರುವ ಕಲ್ಯಾಣ ಆ ಪಟ್ಟಣವಷ್ಟೇ ಅಲ್ಲ. ಈ ನೆಲದಲ್ಲಿಯೇ ಹುಟ್ಟಿದ ಒಂದು ಧರ್ಮದ ತಳಹದಿಯ ಮೇಲೆ ನಿಂತ, ಜಾತಿಯ ಮೇಲುಕೀಳಿಲ್ಲದ, ದುಡಿಯದೆ ಉಣ್ಣುವವರಿಲ್ಲದ ನಾಡು ಅದು. ಅಂಥ ನಾಡು ನಕ್ಷೆಯಲ್ಲಿ ಎಲ್ಲಿಯೂ ಇಲ್ಲ. ಪ್ರತಿ ತಲೆಮಾರೂ ತನ್ನ ಅಗತ್ಯಕ್ಕೆ ತಕ್ಕಂತೆ ಅದನ್ನು ಕಟ್ಟಿಕೊಂಡಿದೆ. ಇಂದಿನ ತಲೆಮಾರು ಅದನ್ನು ಗಣತಿಯ ನಮೂನೆಯ ಒಂದು ಕಾಲಂನಲ್ಲಿ ಕಾಣಬಯಸಿದೆ. ಈಗಿನ ತೊಡಕು ಆರಂಭವಾಗುವುದು ಅಲ್ಲಿಂದಲೇ.

ಇತಿಹಾಸದ ಕಲ್ಯಾಣ, ಕಲ್ಪನೆಯ ಕಲ್ಯಾಣ

ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವು 12ನೇ ಶತಮಾನದ ನಡುಭಾಗದಲ್ಲಿ ಕಲಚುರಿ ಬಿಜ್ಜಳನ ಕೈಸೇರಿತು. ಅವನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ನೆರೆದವರಲ್ಲಿ ಅಂಬಿಗ, ಮಡಿವಾಳ, ಹಡಪದ, ಸಮಗಾರ, ನೇಕಾರ ಕಾಯಕದವರಿದ್ದರು. ಮಹಿಳೆಯರೂ ದೊಡ್ಡ ಸಂಖ್ಯೆಯಲ್ಲಿದ್ದರು. ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಸಮಗಾರ ಮೂಲದ ಹರಳಯ್ಯನ ಮಗನಿಗೂ ಆದ ಮದುವೆ, ಅದಕ್ಕಾಗಿ ಆ ಇಬ್ಬರು ತಂದೆಯರಿಗೆ ದೊರೆತ ಘೋರ ಶಿಕ್ಷೆ, ಬಿಜ್ಜಳನ ಕೊಲೆ, ಶರಣರ ಚದುರುವಿಕೆ - ಇದು ಪರಂಪರೆ ಹೇಳುವ ಕತೆ. ಬಸವಣ್ಣನವರ ಪ್ರಯೋಗ ಕೆಲವೇ ವರ್ಷಗಳಲ್ಲಿ ಮುಗಿಯಿತು.

ಕಲ್ಯಾಣದಿಂದ ಹೊರಟ ಶರಣರ ದಾರಿ ಧಾರವಾಡ ಸೀಮೆಯ ಮೂಲಕವೇ ಹಾದುಹೋಗುತ್ತದೆ. ಚನ್ನಬಸವಣ್ಣನವರ ನೇತೃತ್ವದಲ್ಲಿ ವಚನಗಳ ಕಟ್ಟುಗಳನ್ನು ಹೊತ್ತು ನಡೆದ ತಂಡ ಉಳವಿಯ ಕಾಡು ಸೇರಿತು ಎಂಬುದು ನಂಬಿಕೆ. ಆ ದಾರಿಯಲ್ಲಿ ತಡಕೋಡ, ಕಾದರವಳ್ಳಿಗಳ ಹೆಸರು ಬರುತ್ತದೆ. ಎಂ.ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯ ಒಡಲಲ್ಲಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ಈ ಭಾಗದ ಜನರಿಗೆ ಕಲ್ಯಾಣವೆಂಬುದು ಪುಸ್ತಕದ ಸಂಗತಿಯಲ್ಲ, ಜಾತ್ರೆಗೆ ಹೋಗುವ ದಾರಿ.

ಕಲ್ಪನೆಯ ಕಲ್ಯಾಣವನ್ನು ಮೊದಲು ವಿಸ್ತಾರವಾಗಿ ಕಟ್ಟಿದ್ದು 15ನೇ ಶತಮಾನದ ವಿಜಯನಗರ ಕಾಲದಲ್ಲಿ. ಚದುರಿದ ವಚನಗಳನ್ನು ಸಂವಾದದ ರೂಪದಲ್ಲಿ ಹೆಣೆದ 'ಶೂನ್ಯಸಂಪಾದನೆ'ಯಲ್ಲಿ ಅಲ್ಲಮಪ್ರಭುಗಳ ಸುತ್ತ ಶರಣರು ವಾದಿಸುವ ಸಭೆ ರೂಪುಗೊಂಡಿತು. ಇಂದು ಅನುಭವ ಮಂಟಪವೆಂದರೆ ಕಣ್ಣಿಗೆ ಕಟ್ಟುವ ಚಿತ್ರಕ್ಕೆ ಬಹುಮಟ್ಟಿಗೆ ಈ ಗ್ರಂಥವೇ ಆಧಾರ. ಅಂಥ ಹೆಸರಿನ ಒಂದು ಕಟ್ಟಡವೇ ಇತ್ತೇ, ಇಲ್ಲವೇ ಮನೆಮನೆಗಳಲ್ಲಿ ನಡೆಯುತ್ತಿದ್ದ ಗೋಷ್ಠಿಗೆ ಆ ಹೆಸರು ಬಂತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದೇ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಐದು ಸಂಪುಟಗಳಲ್ಲಿ ಹೊರತಂದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ.

20ನೇ ಶತಮಾನ ಇನ್ನೊಂದು ಕಲ್ಯಾಣವನ್ನು ಕಟ್ಟಿತು. ಧಾರವಾಡದಲ್ಲಿ 1880ರಲ್ಲಿ ಜನಿಸಿದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ ತಾಳೆಗರಿಗಳನ್ನು ಅರಸಿ ಊರೂರು ಅಲೆದರು. 1923ರಲ್ಲಿ ಪ್ರಕಟವಾದ ಅವರ 'ವಚನ ಶಾಸ್ತ್ರಸಾರ' ಮಠಗಳ ಕಪಾಟುಗಳಲ್ಲಿದ್ದ ವಚನಗಳನ್ನು ಸಾಮಾನ್ಯ ಓದುಗರ ಕೈಗಿತ್ತಿತು. ಸ್ವಾತಂತ್ರ್ಯ ಚಳವಳಿಯ ಕಾಲದ ಓದುಗರು ವಚನಗಳಲ್ಲಿ ಪ್ರಜಾಪ್ರಭುತ್ವ, ಶ್ರಮಗೌರವ, ಸ್ತ್ರೀ ಸಮಾನತೆಗಳನ್ನು ಕಂಡರು. ಅನುಭವ ಮಂಟಪವು ಜಗತ್ತಿನ ಮೊದಲ ಸಂಸತ್ತು ಎಂಬ ಮಾತು ಬಳಕೆಗೆ ಬಂತು. 2020ರ ಡಿಸೆಂಬರ್‌ನಲ್ಲಿ ಹೊಸ ಸಂಸತ್ ಭವನಕ್ಕೆ ಶಂಕುಸ್ಥಾಪನೆ ಮಾಡಿದ ಪ್ರಧಾನಿ ನರೇಂದ್ರ ಮೋದಿ ಅವರೂ ತಮ್ಮ ಭಾಷಣದಲ್ಲಿ ಅನುಭವ ಮಂಟಪವನ್ನು ಸ್ಮರಿಸಿದರು.

ಸ್ವಾತಂತ್ರ್ಯಾನಂತರದ ಲೇಖಕರಿಗೆ ಕಂಡದ್ದು ಸೋತ ಕಲ್ಯಾಣ. ಲಂಕೇಶರ 'ಸಂಕ್ರಾಂತಿ', ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ', ಗಿರೀಶ ಕಾರ್ನಾಡರ 'ತಲೆದಂಡ' - ಮೂರೂ ನಾಟಕಗಳು ಒಂದೇ ಊರಿನ ಕುಸಿತವನ್ನು ಮೂರು ದಿಕ್ಕುಗಳಿಂದ ನೋಡಿದವು. ಸರಕಾರಕ್ಕೆ ಬೇಕಾದದ್ದು ಎದ್ದು ನಿಲ್ಲುವ ಕಲ್ಯಾಣ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಡಲಾಯಿತು. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ 500 ಕೋಟಿ ರೂಪಾಯಿ ಅಂದಾಜು ವೆಚ್ಚದ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. 2024ರ ಜನವರಿಯಲ್ಲಿ ರಾಜ್ಯ ಸಂಪುಟ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಲು ನಿರ್ಧರಿಸಿತು. ಮೊದಲೆರಡು ನಿರ್ಧಾರಗಳು ಒಂದು ಪಕ್ಷದ ಸರಕಾರದ ಕಾಲದವು, ಮೂರನೆಯದು ಇನ್ನೊಂದು ಪಕ್ಷದ್ದು. ಕಲ್ಯಾಣದ ಹೆಸರಿಗೆ ವಿರೋಧಿಗಳಿಲ್ಲ.

ಅರಸೊತ್ತಿಗೆ ಇತ್ತು, ಧರ್ಮರಾಜ್ಯ ಇರಲಿಲ್ಲ

ಲಿಂಗಾಯತರ ಕೈಯಲ್ಲಿ ರಾಜ್ಯಾಧಿಕಾರ ಇರಲೇ ಇಲ್ಲವೆಂದಲ್ಲ. 1763ರಲ್ಲಿ ಹೈದರಾಲಿಗೆ ಸೋಲುವವರೆಗೂ ಕೆಳದಿಯ ನಾಯಕರು ಮಲೆನಾಡು ಮತ್ತು ಕರಾವಳಿಯ ದೊಡ್ಡ ಭಾಗವನ್ನು ಆಳಿದರು. 1834ರಲ್ಲಿ ಬ್ರಿಟಿಷರು ವಶಪಡಿಸಿಕೊಳ್ಳುವವರೆಗೂ ಕೊಡಗು ಹಾಲೇರಿ ಅರಸರದಾಗಿತ್ತು. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದನ್ನು ಈ ಭಾಗದ ಮಕ್ಕಳೂ ಬಲ್ಲರು. ಈ ಮೂರೂ ಮನೆತನಗಳು ಲಿಂಗವಂತರವು.

ಆದರೆ ಇವುಗಳಲ್ಲಿ ಯಾವುದೂ ಧರ್ಮದ ಹೆಸರಿನಲ್ಲಿ ಹುಟ್ಟಿದ ರಾಜ್ಯವಲ್ಲ. ಕೆಳದಿಯವರು ಜಂಗಮ ಮಠಗಳಿಗೆ ಭೂಮಿ ಕೊಟ್ಟಂತೆ ಶೃಂಗೇರಿ ಮಠಕ್ಕೂ ದತ್ತಿ ನೀಡಿದರು. ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನು ಕಟ್ಟಿಸಿದವನು ಹಾಲೇರಿ ವಂಶದ ಲಿಂಗರಾಜೇಂದ್ರ. ಅರಸನ ಕೊರಳಲ್ಲಿ ಇಷ್ಟಲಿಂಗವಿತ್ತು. ಆಡಳಿತ ಅಂದಿನ ಇತರ ಅರಸರ ಆಡಳಿತದಂತೆಯೇ ಇತ್ತು. ಜಾತಿಯ ಶ್ರೇಣಿ ಅಲ್ಲಿಯೂ ಉಳಿದಿತ್ತು. ಕಲ್ಯಾಣದ ಕನಸನ್ನು ಅರಮನೆಗಳು ಹೊರಲಿಲ್ಲ.

ಅದನ್ನು ತಕ್ಕಮಟ್ಟಿಗೆ ಹೊತ್ತದ್ದು ಮಠಗಳು, ಆನಂತರ ಶಾಲೆಗಳು. ಇದರಲ್ಲಿ ಅವಳಿ ನಗರದ ಪಾತ್ರ ದೊಡ್ಡದು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡ ಮೊದಲಾದವರು ಅದರ ಹಿಂದಿದ್ದರು. ಓದಲು ಬಂದ ಹಳ್ಳಿಯ ಹುಡುಗರಿಗೆ ಧಾರವಾಡದ ಮುರುಘಾಮಠ ಪ್ರಸಾದ ನಿಲಯದಲ್ಲಿ ಅನ್ನ ಮತ್ತು ಆಸರೆ ನೀಡಿತು. 1916ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕೆಎಲ್ಇ ಸಂಸ್ಥೆ ಹುಬ್ಬಳ್ಳಿಗೂ ಹಬ್ಬಿತು. ಹುಬ್ಬಳ್ಳಿಯ ಮೂರುಸಾವಿರ ಮಠದ ಅಂಗಳಕ್ಕೆ ಬಾರದ ರಾಜಕಾರಣಿ ಅಪರೂಪ. ಗಡಿಯಿಲ್ಲದ, ಸೈನ್ಯವಿಲ್ಲದ, ತೆರಿಗೆಯ ಬದಲು ದಾಸೋಹ ನಡೆಸುವ ಒಂದು ವ್ಯವಸ್ಥೆ ಹೀಗೆ ಬೆಳೆದು ನಿಂತಿತು.

ಈ ವ್ಯವಸ್ಥೆ ಪ್ರತ್ಯೇಕ ರಾಷ್ಟ್ರವನ್ನು ಎಂದೂ ಕೇಳಲಿಲ್ಲವೆಂಬುದು ಗಮನಾರ್ಹ. ಅದರ ರಾಜಕೀಯ ಆಸೆ ಕನ್ನಡದ ಏಕೀಕರಣದಲ್ಲಿ ಕರಗಿತು. 1953ರಲ್ಲಿ ಹುಬ್ಬಳ್ಳಿ ಸಮೀಪದ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತಾಗ, ಅದರ ಬೆನ್ನಿಗೆ ಹುಬ್ಬಳ್ಳಿಯ ಬೀದಿಗಳು ಹೊತ್ತಿಕೊಂಡಾಗ ಜನ ಕೇಳಿದ್ದು ಕರ್ನಾಟಕವನ್ನು, ಧರ್ಮರಾಜ್ಯವನ್ನಲ್ಲ. ಹಳೆಯ ಮೈಸೂರಿನ ಕೆಲವರಿಗೆ ಮಾತ್ರ ಏಕೀಕೃತ ರಾಜ್ಯದಲ್ಲಿ ಲಿಂಗಾಯತರ ಪ್ರಾಬಲ್ಯ ಹೆಚ್ಚೀತೆಂಬ ಆತಂಕವಿತ್ತು. 1956ರಲ್ಲಿ ರಾಜ್ಯ ಒಂದಾಯಿತು. ಎಸ್. ನಿಜಲಿಂಗಪ್ಪ ಅವರು ಅದರ ಮೊದಲ ಮುಖ್ಯಮಂತ್ರಿಯಾದರು.

ಕಾಲಂನ ಕತೆ

ನಾಡು ಬೇಡದ ಸಮುದಾಯಕ್ಕೆ ಕಾಲಂ ಏಕೆ ಬೇಕಾಯಿತು? ಉತ್ತರ ಬ್ರಿಟಿಷರ ಜನಗಣತಿಯಲ್ಲಿದೆ. ಗಣತಿಗೆ ಬಂದವರು ಪ್ರತಿ ಜಾತಿಯನ್ನೂ ನಾಲ್ಕು ವರ್ಣಗಳ ಏಣಿಯ ಮೇಲೆ ಕೂರಿಸಲು ಹೊರಟಾಗ ಲಿಂಗವಂತರನ್ನು ಎಲ್ಲಿ ಕೂರಿಸಬೇಕೆಂಬ ಜಗಳ ಹುಟ್ಟಿತು. ವರ್ಣವನ್ನೇ ಒಪ್ಪದ ಶರಣರ ಅನುಯಾಯಿಗಳು ಯಾವ ಮೆಟ್ಟಿಲು ತಮ್ಮದೆಂದು ಅರ್ಜಿ ಬರೆಯುವಂತಾಯಿತು. ಇಂಥ ವಾತಾವರಣದಲ್ಲಿಯೇ 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಅಖಿಲ ಭಾರತ ವೀರಶೈವ ಮಹಾಸಭಾ ಹುಟ್ಟಿತು. ಅದರ ಮೊದಲ ಅಧಿವೇಶನ ನಡೆದದ್ದು ಧಾರವಾಡದಲ್ಲಿ. ಅಧ್ಯಕ್ಷತೆ ಸಿರಸಂಗಿ ಲಿಂಗರಾಜರದು.

ಸ್ವತಂತ್ರ ಭಾರತದ ಜನಗಣತಿಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ - ಈ ಆರಕ್ಕೆ ಪ್ರತ್ಯೇಕ ಸಂಕೇತಗಳಿವೆ. ಉಳಿದ ಧರ್ಮಗಳ ಹೆಸರನ್ನು ಬರೆಸಬಹುದಾದರೂ ಅವು 'ಇತರೆ'ಯ ರಾಶಿಯಲ್ಲಿ ಸೇರುತ್ತವೆ. ವೀರಶೈವ ಲಿಂಗಾಯತಕ್ಕೆ ಪ್ರತ್ಯೇಕ ಸಂಕೇತ ಬೇಕೆಂದು ಮಹಾಸಭಾ ಸಲ್ಲಿಸಿದ್ದ ಮನವಿಯನ್ನು ಕೇಂದ್ರ 2013ರಲ್ಲಿ ತಿರಸ್ಕರಿಸಿತು. 2017ರಲ್ಲಿ ಬೇಡಿಕೆ ಬೀದಿಗೆ ಬಂತು. ಜುಲೈನಲ್ಲಿ ಬೀದರ್, ಆಗಸ್ಟ್‌ನಲ್ಲಿ ಬೆಳಗಾವಿ, ಸೆಪ್ಟೆಂಬರ್‌ನಲ್ಲಿ ಕಲಬುರಗಿ, ನವೆಂಬರ್‌ನಲ್ಲಿ ಹುಬ್ಬಳ್ಳಿ. ಈ ಬಾರಿಯ ವ್ಯತ್ಯಾಸವೆಂದರೆ ಬೇಡಿಕೆಯಿಂದ 'ವೀರಶೈವ' ಎಂಬ ಪದ ಹೊರಬಿದ್ದಿತ್ತು.

ಡಿಸೆಂಬರ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ನೇತೃತ್ವದ ಸಮಿತಿ ರಚನೆಯಾಯಿತು. 2018ರ ಮಾರ್ಚ್‌ನಲ್ಲಿ ವರದಿ ಬಂತು. ಮಾರ್ಚ್ 19ರಂದು ಸಿದ್ದರಾಮಯ್ಯ ಸಂಪುಟ ಅದನ್ನು ಅಂಗೀಕರಿಸಿತು. ಲಿಂಗಾಯತ ಮತ್ತು ಬಸವತತ್ವವನ್ನು ನಂಬುವ ವೀರಶೈವ ಲಿಂಗಾಯತರಿಗೆ ಧಾರ್ಮಿಕ ಅಲ್ಪಸಂಖ್ಯಾತ ಮಾನ್ಯತೆ ಎಂಬ ಜಾಣ ಪದಬಂಧ ಎರಡೂ ಬಣಗಳನ್ನು ತೃಪ್ತಿಪಡಿಸಲು ಯತ್ನಿಸಿತು. ಎರಡನ್ನೂ ಪೂರ್ಣವಾಗಿ ತೃಪ್ತಿಪಡಿಸಲಿಲ್ಲ. ಮೇ ತಿಂಗಳ ಚುನಾವಣೆಯಲ್ಲಿ ಕಾಂಗ್ರೆಸ್ ಬಹುಮತ ಕಳೆದುಕೊಂಡಿತು. ಹೋರಾಟದ ಮುಂಚೂಣಿಯಲ್ಲಿದ್ದ ಸಚಿವರ ಪೈಕಿ ಧಾರವಾಡದ ವಿನಯ ಕುಲಕರ್ಣಿ ಸೋತರು, ಬಬಲೇಶ್ವರದ ಎಂ.ಬಿ. ಪಾಟೀಲ ಗೆದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಡಿ.ಕೆ. ಶಿವಕುಮಾರ್ ಧರ್ಮದ ವಿಷಯದಲ್ಲಿ ಕೈಹಾಕಿದ್ದು ತಪ್ಪಾಯಿತೆಂದು ಬಹಿರಂಗವಾಗಿ ಹೇಳಿದರು. ವರ್ಷ ಮುಗಿಯುವ ಹೊತ್ತಿಗೆ ಶಿಫಾರಸನ್ನು ಒಪ್ಪುತ್ತಿಲ್ಲವೆಂದು ಕೇಂದ್ರ ಸರಕಾರ ಹೈಕೋರ್ಟಿಗೆ ತಿಳಿಸಿತು.

ಎರಡು ವಾದಗಳು

ಸ್ವತಂತ್ರ ಧರ್ಮವಾದಿಗಳ ತರ್ಕ ಸರಳ. ವೇದಪ್ರಾಮಾಣ್ಯವನ್ನು ಒಪ್ಪದ, ವರ್ಣಾಶ್ರಮವನ್ನು ತಿರಸ್ಕರಿಸಿದ, ಗುಡಿಯ ಬದಲು ಅಂಗೈಯ ಇಷ್ಟಲಿಂಗವನ್ನು ಪೂಜಿಸುವ, ಶವವನ್ನು ಸುಡದೆ ಹೂಳುವ, ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲವೆಂಬ ತನ್ನದೇ ತತ್ವಚೌಕಟ್ಟುಳ್ಳ ಮಾರ್ಗ ಬೇರೆ ಧರ್ಮವಲ್ಲದೆ ಇನ್ನೇನು? ಜೈನ, ಬೌದ್ಧ, ಸಿಖ್ ಧರ್ಮಗಳೂ ಇದೇ ನೆಲದಲ್ಲಿ ಹುಟ್ಟಿದವು. ಅವಕ್ಕೆ ದೊರೆತದ್ದು ಇದಕ್ಕೇಕೆ ದೊರೆಯಬಾರದು?

ಎದುರಿನ ವಾದವೂ ಅಷ್ಟೇ ಗಟ್ಟಿಯಾಗಿ ಕೇಳಿಬರುತ್ತದೆ. ಬಾಳೆಹೊನ್ನೂರು, ಉಜ್ಜಯಿನಿ, ಕೇದಾರ, ಶ್ರೀಶೈಲ, ಕಾಶಿ ಪಂಚಪೀಠಗಳ ಪರಂಪರೆಯ ಪ್ರಕಾರ ವೀರಶೈವವು ಬಸವಣ್ಣನವರಿಗಿಂತ ಪ್ರಾಚೀನ. ಬಸವಣ್ಣನವರು ಅದರ ಸುಧಾರಕರು, ಸ್ಥಾಪಕರಲ್ಲ. ಶಿವನನ್ನು ಆರಾಧಿಸುವ, ಹಬ್ಬ ಹರಿದಿನಗಳನ್ನು ಸುತ್ತಲಿನವರೊಡನೆ ಆಚರಿಸುವ ಜನರನ್ನು ಬೇರ್ಪಡಿಸುವುದು ಸಮಾಜವನ್ನು ಒಡೆಯುವ ಕೆಲಸವೆಂದು ಈ ಬಣ ಹೇಳುತ್ತದೆ.

ಚರ್ಚೆ ಮಾತಿನಲ್ಲಿಯೇ ಉಳಿಯಲಿಲ್ಲ ಎಂಬುದನ್ನು ಧಾರವಾಡ ನೋವಿನಿಂದ ಬಲ್ಲದು. ರಾಜ್ಯ ಸರಕಾರ ಹೊರತಂದ ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾಗಿದ್ದ, ಲಿಂಗಾಯತದ ಪ್ರತ್ಯೇಕತೆಯನ್ನು ಶಾಸನ ಮತ್ತು ವಚನಗಳ ಆಧಾರದಿಂದ ಪ್ರತಿಪಾದಿಸಿದ್ದ ಡಾ. ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರಂದು ಅವರ ಮನೆಬಾಗಿಲಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು. ಆ ಮನೆ ಇರುವ ಬಡಾವಣೆಯ ಹೆಸರು ಕಲ್ಯಾಣ ನಗರ.

ಕಾನೂನು ಏನನ್ನುತ್ತದೆ?

ಭಾರತದ ಸಂವಿಧಾನ ಧರ್ಮವೆಂದರೇನು ಎಂದು ವ್ಯಾಖ್ಯಾನಿಸಿಲ್ಲ. ಆ ಹೊಣೆ ನ್ಯಾಯಾಲಯಗಳ ಮೇಲೆ ಬಿದ್ದಿದೆ. ತೀರ್ಪುಗಳ ಸಾಲು ಹೊಸ ಧರ್ಮಗಳ ಪರವಾಗಿಲ್ಲ. ಗುಜರಾತಿನ ಸ್ವಾಮಿನಾರಾಯಣ ಪಂಥದವರು ತಾವು ಹಿಂದೂಗಳಲ್ಲವೆಂದು ವಾದಿಸಿದ ಪ್ರಕರಣದಲ್ಲಿ 1966ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಆ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಅಲ್ಲಿನ ಹಿನ್ನೆಲೆ ನೆನಪಿಡುವಂಥದ್ದು: ದಲಿತರಿಗೆ ಮಂದಿರ ಪ್ರವೇಶ ಕೊಡುವ ಕಾನೂನಿನಿಂದ ತಪ್ಪಿಸಿಕೊಳ್ಳಲು ಬೇರೆ ಧರ್ಮದ ವಾದ ಹೂಡಲಾಗಿತ್ತು. ಅರವಿಂದರ ತತ್ವದ ಮೇಲೆ 1968ರಲ್ಲಿ ಪುದುಚೇರಿ ಬಳಿ ಹುಟ್ಟಿದ ಆರೋವಿಲ್ ನಗರದ ಪ್ರಕರಣದಲ್ಲಿ, 1982ರಲ್ಲಿ, ಅರವಿಂದರ ಬೋಧನೆ ಧರ್ಮವಲ್ಲ, ದರ್ಶನ ಎಂದು ಬಹುಮತದ ತೀರ್ಪು ಬಂತು. 1995ರಲ್ಲಿ ರಾಮಕೃಷ್ಣ ಮಿಷನ್ನಿನ ಪ್ರತ್ಯೇಕ ಧರ್ಮದ ವಾದವೂ ಬಿದ್ದುಹೋಯಿತು.

ಮಾನ್ಯತೆಯ ಇನ್ನೊಂದು ದಾರಿ ಸರಕಾರದ ಅಧಿಸೂಚನೆ. 1992ರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗ ಕಾಯ್ದೆಯಡಿ ಮೊದಲು ಐದು ಸಮುದಾಯಗಳಿದ್ದವು. 2014ರ ಜನವರಿಯಲ್ಲಿ ಜೈನರು ಆರನೆಯವರಾದರು. ಈ ದಾರಿಯ ಬಾಗಿಲು ದೆಹಲಿಯಲ್ಲಿದೆ. ಲಿಂಗಾಯತರಷ್ಟೇ ಅಲ್ಲ, ಜಾರ್ಖಂಡದ ಆದಿವಾಸಿಗಳೂ ಅದೇ ಬಾಗಿಲಲ್ಲಿ ನಿಂತಿದ್ದಾರೆ. ಸರನಾ ಧರ್ಮಕ್ಕೆ ಜನಗಣತಿಯಲ್ಲಿ ಪ್ರತ್ಯೇಕ ಸಂಕೇತ ಬೇಕೆಂದು ಅಲ್ಲಿನ ವಿಧಾನಸಭೆ 2020ರ ನವೆಂಬರ್‌ನಲ್ಲಿ ನಿರ್ಣಯ ಅಂಗೀಕರಿಸಿತು.

ಮಾನ್ಯತೆ ದೊರೆತರೆ ಸಾಮಾನ್ಯ ಲಿಂಗಾಯತ ಕುಟುಂಬಕ್ಕೆ ಏನು ಬದಲಾಗುತ್ತದೆ? ಮದುವೆ, ದತ್ತಕ, ಆಸ್ತಿ ಹಂಚಿಕೆಯ ವಿಷಯದಲ್ಲಿ ಬಹುಶಃ ಏನೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯು ವೀರಶೈವ, ಲಿಂಗಾಯತ ಎಂಬ ಎರಡೂ ಹೆಸರುಗಳನ್ನು ಹಿಂದೂ ಎಂಬ ವ್ಯಾಖ್ಯೆಯೊಳಗೇ ಸೇರಿಸಿದೆ. ಇಬ್ಬರನ್ನೂ ಬೇರೆಬೇರೆಯಾಗಿ ಹೆಸರಿಸಿರುವುದನ್ನು ಒಂದು ಬಣ, ಇಬ್ಬರನ್ನೂ ಹಿಂದೂ ಎಂದಿರುವುದನ್ನು ಇನ್ನೊಂದು ಬಣ ಎತ್ತಿ ತೋರಿಸುತ್ತದೆ. ಸಿಖ್, ಜೈನ, ಬೌದ್ಧರು ಅಲ್ಪಸಂಖ್ಯಾತರಾಗಿದ್ದೂ ಇದೇ ಕಾನೂನಿನಡಿ ಇದ್ದಾರೆ. ಹಿಂದುಳಿದ ವರ್ಗಗಳ ಮೀಸಲಾತಿಗೂ ಧರ್ಮದ ಹಂಗಿಲ್ಲ.

ಲಾಭ ದೊರೆಯುವುದು ಮುಖ್ಯವಾಗಿ ಶಿಕ್ಷಣ ಸಂಸ್ಥೆಗಳಿಗೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ನೀಡುತ್ತದೆ. ಖಾಸಗಿ ಸಂಸ್ಥೆಗಳಲ್ಲಿ ಮೀಸಲಾತಿಗೆ ಅವಕಾಶ ಕೊಡುವ 15(5)ನೇ ವಿಧಿಯಿಂದ ಅಲ್ಪಸಂಖ್ಯಾತ ಸಂಸ್ಥೆಗಳು ಹೊರಗಿವೆ. ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಸೀಟುಗಳಿಂದಲೂ 2014ರ ತೀರ್ಪು ಅವಕ್ಕೆ ವಿನಾಯಿತಿ ನೀಡಿತು. 2025ರಲ್ಲಿ ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಆ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿತು. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನಿರ್ಧರಿಸಬೇಕೆಂದು 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಉತ್ತರ ಕರ್ನಾಟಕದಲ್ಲಿ ವೈದ್ಯಕೀಯ, ತಾಂತ್ರಿಕ ಕಾಲೇಜುಗಳ ದೊಡ್ಡ ಪಾಲು ಮಠಗಳ ಮತ್ತು ಸಮುದಾಯದ ಸಂಸ್ಥೆಗಳ ಕೈಯಲ್ಲಿದೆ. ಧರ್ಮದ ಚರ್ಚೆಯಲ್ಲಿ ಆಡಳಿತ ಮಂಡಳಿಗಳ ಆಸಕ್ತಿ ಏಕೆ ಹೆಚ್ಚೆಂಬುದಕ್ಕೆ ಇದರಲ್ಲಿ ಉತ್ತರದ ಒಂದು ಭಾಗವಿದೆ.

ಹರಳಯ್ಯನ ಮಕ್ಕಳ ಪ್ರಶ್ನೆ

ನಷ್ಟ ಯಾರಿಗೆ? ಈ ಪ್ರಶ್ನೆಗೆ ವೇದಿಕೆಗಳ ಮೇಲೆ ದೊರೆತ ಗಮನ ಕಡಿಮೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ ಧರ್ಮದವರು ಮಾತ್ರ ಪರಿಶಿಷ್ಟ ಜಾತಿಗೆ ಸೇರಲು ಅರ್ಹರಾಗಿದ್ದರು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಆ ಪಟ್ಟಿಯಲ್ಲಿ ನಾಲ್ಕನೆಯ ಹೆಸರಿಲ್ಲ. ಲಿಂಗಾಯತವು ಬೇರೆ ಧರ್ಮವಾದ ದಿನ, ಲಿಂಗದೀಕ್ಷೆ ಪಡೆದ ಪರಿಶಿಷ್ಟ ಜಾತಿಯ ವ್ಯಕ್ತಿ ತನ್ನ ಪ್ರಮಾಣಪತ್ರವನ್ನು ಉಳಿಸಿಕೊಳ್ಳುವುದು ಹೇಗೆ? ಮನವಿಯನ್ನು ತಿರಸ್ಕರಿಸಲು ಕೇಂದ್ರ ನೀಡಿದ ಕಾರಣಗಳಲ್ಲಿ ಇದೂ ಒಂದು.

ಸ್ವತಂತ್ರ ಧರ್ಮವಾದಿಗಳ ಬಳಿ ಇದಕ್ಕೆ ಉತ್ತರವಿದೆ. ಸಿಖ್ಖರಿಗೆ, ಬೌದ್ಧರಿಗೆ ಮಾಡಿದ ತಿದ್ದುಪಡಿಯನ್ನು ಇಲ್ಲಿಯೂ ಮಾಡಬಹುದೆಂದು ಅವರು ಹೇಳುತ್ತಾರೆ. ಅದು ಸಾಧ್ಯವೂ ಹೌದು. ಆದರೆ ಬೌದ್ಧರು ಆ ತಿದ್ದುಪಡಿಗಾಗಿ 1956ರ ಅಂಬೇಡ್ಕರ್ ದೀಕ್ಷೆಯಿಂದ ಮೂವತ್ತನಾಲ್ಕು ವರ್ಷ ಕಾಯಬೇಕಾಯಿತು. ಮತಾಂತರಗೊಂಡ ದಲಿತರ ಸ್ಥಾನಮಾನ ಪರಿಶೀಲಿಸಲು ಕೇಂದ್ರವು 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿ, ಅದರ ಅವಧಿಯನ್ನು ವಿಸ್ತರಿಸಿತು. ಕಾಯುವ ಅವಧಿಯಲ್ಲಿ ಒಂದು ತಲೆಮಾರಿನ ಶಿಷ್ಯವೇತನ, ಹಾಸ್ಟೆಲ್, ನೌಕರಿ ಕೈಬಿಟ್ಟುಹೋದರೆ ಅದನ್ನು ತುಂಬಿಕೊಡುವವರು ಯಾರು? ಕಾಲೇಜುಗಳಿಗೆ ಲಾಭವಾಗುವುದು ಮೊದಲು, ಸಮಗಾರನ ಮಗನಿಗೆ ರಕ್ಷಣೆ ದೊರೆಯುವುದು ಆಮೇಲೆ ಎಂದಾದರೆ ಆ ಅನುಕ್ರಮ ಕಲ್ಯಾಣದ್ದಲ್ಲ.

ಒಳಜಾತಿಗಳ ಪ್ರಶ್ನೆಯೂ ಇದಕ್ಕೆ ಹೊರತಲ್ಲ. ಪಂಚಮಸಾಲಿಗಳು 2ಎ ಮೀಸಲಾತಿಗಾಗಿ ನಡೆಸಿದ ಹೋರಾಟ 2024ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿ ಲಾಠಿ ಪ್ರಹಾರದಲ್ಲಿ ಕೊನೆಗೊಂಡಿತು. ಒಂದು ಕಡೆ ಜಾತಿಯಿಲ್ಲದ ಧರ್ಮವೆಂಬ ಮಾನ್ಯತೆ ಬೇಕು, ಇನ್ನೊಂದು ಕಡೆ ಒಳಜಾತಿಯ ಹೆಸರಿನಲ್ಲಿ ಮೀಸಲು ಬೇಕು. ಎರಡೂ ಬೇಡಿಕೆಗಳಿಗೆ ಅವುಗಳದೇ ಕಾರಣಗಳಿವೆ. ಸಣ್ಣ ಹಿಡುವಳಿಯ ಒಕ್ಕಲು ಕುಟುಂಬಗಳ ಸಂಕಷ್ಟ ಕಟ್ಟುಕತೆಯಲ್ಲ. ಆದರೆ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದಾಗ ನಡುವೆ ನಿಲ್ಲುವ ವಿರೋಧಾಭಾಸವನ್ನು ನಾಯಕರು ವಿವರಿಸಬೇಕಾಗುತ್ತದೆ.

2025ರ ಮೂರು ಉತ್ತರಗಳು

2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಈ ವಿರೋಧಾಭಾಸವನ್ನು ಮನೆಬಾಗಿಲಿಗೆ ತಂದಿತು. ಸಮೀಕ್ಷಕರು ಬಾಗಿಲು ತಟ್ಟಿದಾಗ ಏನು ಬರೆಸಬೇಕು? ಸಮುದಾಯಕ್ಕೆ ದೊರೆತದ್ದು ಒಂದಲ್ಲ, ಮೂರು ಉತ್ತರಗಳು. ಧರ್ಮ ಲಿಂಗಾಯತ ಎಂದಿತು ಜಾಗತಿಕ ಲಿಂಗಾಯತ ಮಹಾಸಭಾ. 'ಇತರೆ'ಯಲ್ಲಿ ವೀರಶೈವ ಲಿಂಗಾಯತ ಎಂದು ಬರೆಸಿ ಎಂದಿತು ಹಳೆಯ ಮಹಾಸಭಾ. ಧರ್ಮ ಹಿಂದೂ, ಜಾತಿ ವೀರಶೈವ ಲಿಂಗಾಯತ ಎಂದರು ಬಿಜೆಪಿಯ ನಾಯಕರು. ಸಮೀಕ್ಷೆಗೆ ಮೂರು ದಿನ ಮುಂಚೆ ಹುಬ್ಬಳ್ಳಿಯಲ್ಲಿ ಏಕತಾ ಸಮಾವೇಶ ನಡೆಯಿತು. ಅದೇ ತಿಂಗಳು ಮಠಾಧೀಶರ ಒಕ್ಕೂಟದ ಬಸವ ಸಂಸ್ಕೃತಿ ಅಭಿಯಾನ ಜಿಲ್ಲೆಯಿಂದ ಜಿಲ್ಲೆಗೆ ಸಂಚರಿಸಿ, ಅಕ್ಟೋಬರ್ 5ರಂದು ಬೆಂಗಳೂರಿನಲ್ಲಿ ಸಮಾರೋಪಗೊಂಡಿತು.

ಗಣತಿಯ ಅಂಕಿಗಳ ಬಗ್ಗೆ ಸಮುದಾಯಕ್ಕೆ ಮೊದಲೇ ಅಳುಕಿತ್ತು. 2015ರ ಸಮೀಕ್ಷೆಯ ದತ್ತಾಂಶದ ಪ್ರಕಾರ ವೀರಶೈವ ಲಿಂಗಾಯತರ ಸಂಖ್ಯೆ ಸುಮಾರು 66 ಲಕ್ಷವೆಂದು 2025ರ ಏಪ್ರಿಲ್‌ನಲ್ಲಿ ವರದಿಯಾದಾಗ, ಅದು ನಿಜಕ್ಕಿಂತ ಬಹಳ ಕಡಿಮೆಯೆಂದು ಮುಖಂಡರು ಪ್ರತಿಭಟಿಸಿದರು. ಉಪಪಂಗಡಗಳು ಬೇರೆಬೇರೆ ಹೆಸರು ಬರೆಸಿದ್ದರಿಂದ ಎಣಿಕೆ ಚದುರಿತೆಂಬುದು ಅವರ ವಿವರಣೆ. 2025ರ ಏಕತೆಯ ಮಂತ್ರಕ್ಕೆ ತತ್ವಕ್ಕಿಂತ ಈ ಎಣಿಕೆಯ ಭಯವೇ ಹೆಚ್ಚಿನ ಪ್ರೇರಣೆಯಾಗಿದ್ದಲ್ಲಿ ಆಶ್ಚರ್ಯವಿಲ್ಲ. ಸಂಖ್ಯೆಯೇ ಶಕ್ತಿಯಾದ ರಾಜಕಾರಣದಲ್ಲಿ ಸಮುದಾಯಕ್ಕೆ ಬಹುಸಂಖ್ಯಾತವಾಗಿಯೂ ಇರಬೇಕು, ಅಲ್ಪಸಂಖ್ಯಾತವೆಂಬ ಮಾನ್ಯತೆಯೂ ದೊರೆಯಬೇಕು.

ಮುಂದಿನ ಪರೀಕ್ಷೆ ರಾಷ್ಟ್ರೀಯ ಜನಗಣತಿಯದು. 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿಸಿ ನಿಗದಿಯಾದ ಈ ಗಣತಿಯಲ್ಲಿ, ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ ಎಲ್ಲ ಜಾತಿಗಳ ಎಣಿಕೆಯೂ ಸೇರಿದೆ. ರಾಜ್ಯದ ಸಮೀಕ್ಷೆಯ ಮೂರು ಉತ್ತರಗಳನ್ನೇ ಅಲ್ಲಿಯೂ ಕೊಟ್ಟರೆ ಫಲಿತಾಂಶ ಮೂರು ಭಾಗವಾಗಿಯೇ ಬರುತ್ತದೆ.

ನಾಡನ್ನು ಕಲ್ಪಿಸಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅಲ್ಲಿಗೆ ಬಂದವರೆಲ್ಲ ಅದರ ಪ್ರಜೆಗಳು. ಯಾರವನೆಂದು ಕೇಳದಿರುವುದೇ ಕಲ್ಯಾಣದ ನಿಯಮವಾಗಿತ್ತು. ಆದರೆ ಕಾಲಂಗೆ ಗೆರೆ ಬೇಕು. ಗೆರೆಯೆಂದ ಮೇಲೆ ಒಳಗಿನವರು, ಹೊರಗಿನವರು ಇರಲೇಬೇಕು. ಆ ಗೆರೆಯನ್ನು ಎಳೆಯಬಾರದೆಂದು ಹೇಳುವುದು ಸುಲಭ. ಮಾನ್ಯತೆಯಿಲ್ಲದ ಧರ್ಮ ದೊಡ್ಡದರ ಹೊಟ್ಟೆಯಲ್ಲಿ ಕರಗಿಹೋಗುತ್ತದೆ ಎಂಬ ಅಳುಕೂ ಸುಳ್ಳಲ್ಲ. ಎಳೆಯುವುದೇ ಆದರೆ ಅದು ಎಲ್ಲಿಂದ ಆರಂಭವಾಗಬೇಕೆಂಬುದನ್ನು ಈಗಲೇ ನಿರ್ಧರಿಸುವುದು ಒಳಿತು. ಹರಳಯ್ಯನ ಮನೆಯವರನ್ನು ಮೊದಲು ಒಳಗೆ ಕೂರಿಸಿ, ಅವರ ಪ್ರಮಾಣಪತ್ರಕ್ಕೆ ಭದ್ರತೆ ಒದಗಿಸಿ, ಆಮೇಲೆ ಉಳಿದ ಗೆರೆ ಎಳೆಯಲು ಎರಡೂ ಬಣಗಳು ಸಿದ್ಧವಿವೆಯೇ? ಈ ಪ್ರಶ್ನೆಗೆ ನೆಹರೂ ಮೈದಾನದ ಎರಡು ಸಭೆಗಳಲ್ಲಿ ಯಾವುದೂ ಸ್ಪಷ್ಟ ಉತ್ತರ ಕೊಡಲಿಲ್ಲ. ಮೂರನೆಯ ಸಭೆ ಸೇರುವುದಾದರೆ ಕಾರ್ಯಸೂಚಿಯ ಮೊದಲ ವಿಷಯ ಅದೇ ಆಗಬೇಕು.